ವಲ್ಲಿಯ ಕೆಳಗಿನ ಬೆರಳು

ದೆವ್ವ, ಗಾಳಿ, ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದವನು. ಎತ್ತಿನ ದಲಾಲಿ ಮಾಡಿ ಬದುಕು ಕಟ್ಟಿಕೊಂಡವನಿಗೆ ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಅಷ್ಟೇ ಖರೆ. ಎತ್ತು ಕೊಳ್ಳುವವರಿಗೆ ಈಗಲೂ ಅದನ್ನೇ ಹೇಳುತ್ತೇನೆ: ಹಲ್ಲು ನೋಡಿರಿ, ಗೊರಸು ನೋಡಿರಿ, ನಾಲ್ಕು ಹೆಜ್ಜೆ ನಡೆಸಿ ನೋಡಿರಿ, ಮಾರುವವನ ಮಾತನ್ನು ಮಾತ್ರ ನಂಬಬೇಡಿರಿ. ಆದರೆ ಅಮೀನಗಡದ ಸಂತೆಯಲ್ಲಿ ನಡುಹಗಲಿಗೆ ನನ್ನ ಕೈಗೇ ಸಿಕ್ಕಿದ್ದನ್ನು ಏನೆನ್ನಬೇಕೋ ಇನ್ನೂ ತಿಳಿದಿಲ್ಲ.

ನಮ್ಮ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರೂ ಕೈಗೆ ಕೈ ಕೊಟ್ಟು, ಮೇಲೆ ಹೆಗಲ ವಸ್ತ್ರ, ನಮ್ಮ ಮಾತಿನಲ್ಲಿ ವಲ್ಲಿ, ಹೊದಿಸಿ, ಒಳಗೆ ಬೆರಳು ಹಿಡಿದು ಮಾತಾಡುತ್ತೇವೆ. ಈ ವಿದ್ಯೆ ನನಗೆ ಕಲಿಸಿದವನು ಕಮತಗಿಯ ಮಲ್ಲಪ್ಪ, ನನ್ನ ಪಾಲುದಾರ. ಗಾಣಕ್ಕೆ ಸಿಕ್ಕು ಅವನ ಬಲಗೈ ತೋರುಬೆರಳು ಅರ್ಧ ಹೋಗಿತ್ತು. ಯಾವ ವ್ಯವಹಾರ ಕುದುರಿಸುವ ಮೊದಲೂ ನಾವಿಬ್ಬರು ವಲ್ಲಿಯ ಕೆಳಗೆ ಒಮ್ಮೆ ಕೈ ಕೂಡಿಸುತ್ತಿದ್ದೆವು. ಮೋಟು ಬೆರಳಿನಿಂದ ಅವನು ನನ್ನ ಹೆಬ್ಬೆರಳ ಬುಡವನ್ನು ಎರಡು ಸಲ ಒತ್ತಿದನೆಂದರೆ, ಬೇಡ, ಬಿಡು ಎಂದರ್ಥ. ಇದು ನಮ್ಮಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

ಕೊರೊನಾದ ಎರಡನೇ ಅಲೆಯಲ್ಲಿ ಮಲ್ಲಪ್ಪನನ್ನು ಬಾಗಲಕೋಟೆಯ ದವಾಖಾನೆಗೆ ಒಯ್ದರು. ನಡೆದೇ ಗಾಡಿ ಹತ್ತಿದವನು ಮರಳಿ ಬರಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂಡಿಸಿ, ವಿಭೂತಿ ಹಚ್ಚಿ, ಊರವರೆಲ್ಲ ಮುಖ ನೋಡಿದ ಮೇಲೆ ಕುಳಿತಂತೆಯೇ ಮಣ್ಣು ಕೊಡುತ್ತಾರೆ. ಅವನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಲಗಿಸಿಯೇ ಹೂಳಿದರಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನಾನೂ ನೋಡಲಿಲ್ಲ. ಹೀಗೆ ಮುಖ ಕಾಣದೆ ಉಳಿದ ಮನೆಗಳು ದೇಶದ ತುಂಬ ಇವೆ. ರೋಗ ಮುಗಿಯಿತೆಂದು ಮಾಸ್ಕು ತೆಗೆದು ಎಲ್ಲರೂ ಸಂತೆಗೆ ಹೊರಟರು. ಮುಖ ನೋಡದೆ ಕಳಿಸಿಕೊಟ್ಟವರ ಮನೆಯಲ್ಲಿ ಮಾತ್ರ ಅದು ಮುಗಿದಿಲ್ಲ.

ಅವನ ಹೆಂಡತಿ ಗಂಗವ್ವ ಬಳೆ ತೆಗೆಯಲಿಲ್ಲ. “ಮಕಾ ನೋಡಿಲ್ಲಣ್ಣಾ. ಗಂಟು ಕಟ್ಟಿದ್ದು ಯಾರನ್ನೋ ಏನೋ,” ಎನ್ನುತ್ತಿದ್ದಳು. ಅವನು ಸಾಕಿದ ಜೋಡಿ ಎತ್ತುಗಳನ್ನು ಮಾರಗೊಡಲಿಲ್ಲ. ಮರಳಿ ಬಂದವನು ಮೊದಲು ಕೇಳುವುದು ಅವನ್ನೇ ಎಂದು ಅವಳ ವಾದ. ಮಗ ಟ್ರ್ಯಾಕ್ಟರ್ ತಂದ. ಅವಳ ಮೊಣಕಾಲು ಸೋತವು. ಹೋದ ವರ್ಷ ನಾನೇ ಕೂತು ತಿಳಿಹೇಳಿದೆ. ಎತ್ತು ಹೋದರೆ ಕಾಯುವುದೂ ನಿಂತೀತು ಎಂಬುದು ನನ್ನ ಎಣಿಕೆ. ಕಡೆಗೆ ಒಪ್ಪಿ, ಟ್ರಂಕಿನಿಂದ ಮಲ್ಲಪ್ಪನ ವಲ್ಲಿಯನ್ನು ತೆಗೆದು ನನ್ನ ಹೆಗಲಿಗೆ ಹಾಕಿದಳು.

“ಮಾರೂದಾದ್ರ ಇದರ ಬುಡಕ ಮಾರ್ರಿ. ಅವ್ರ ಎತ್ತು, ಅವ್ರ ವಲ್ಲಿ.”

ಸಂತೆಯಲ್ಲಿ ಕುಳಗೇರಿ ಕ್ರಾಸ್ ಕಡೆಯ ರೈತನೊಬ್ಬ ಕೊಳ್ಳಲು ನಿಂತ. ಹಲ್ಲು ನೋಡಿದ, ನಡೆಸಿ ನೋಡಿದ, ತಿಳಿದವನು. ವಲ್ಲಿ ಹೊದಿಸಿದೆವು. ಅವನ ಕೈ ಬೆವರಿತ್ತು. ಬೆರಳಿಗೆ ಬೆರಳು ಏರುತ್ತ ಹೋಗಿ ವ್ಯವಹಾರ ಇನ್ನೇನು ಕೂಡಬೇಕು, ಆಗ ನನ್ನ ಹೆಬ್ಬೆರಳ ಬುಡದಲ್ಲಿ ಮೊಂಡಾದದ್ದೇನೋ ಒತ್ತಿತು. ಉಗುರಿಲ್ಲದ, ಗಂಟುಗಟ್ಟಿದ ತುದಿ. ಕೈ ಅಲ್ಲಾಡಿಸದೆ ನಿಂತೆ. ಬಿಟ್ಟು, ಮತ್ತೊಮ್ಮೆ ಒತ್ತಿತು.

ವಲ್ಲಿ ಕಿತ್ತು ಹಿಂದೆ ಸರಿದೆ.

“ಯಾಕ್ರಿ ಕಾಕಾ, ಒಳಗ ಚೇಳು ಕಡೀತೇನು?” ಎಂದು ಆತ ನಕ್ಕ.

“ಬಲಗೈ ತೋರ್ಸಪಾ.”

“ಕೈ ನೋಡಿ ಎತ್ತು ಕೊಡಾವ್ರೇನು? ಹಂಗಾರ ಭವಿಷ್ಯಾನೂ ಹೇಳಿಬಿಡ್ರಿ.”

ಚಾಚಿದ. ಐದೂ ಬೆರಳು ಉಗುರು ಸಮೇತ ನೆಟ್ಟಗಿದ್ದವು. ಹೆಬ್ಬೆರಳ ಬುಡ ಯಾಕೆ ಒತ್ತಿದೆ ಎಂದು ಕೇಳಿದೆ.

“ನಾ ಎಲ್ಲಿ ಒತ್ತೀನ್ರಿ? ನೀವ ಕೈ ಹಿಡಕೊಂಡು ಕಲ್ಲಾಗಿ ನಿಂತ್ರಿ,” ಎಂದ. ಅವನ ನಗೆ ಅಷ್ಟೊತ್ತಿಗೆ ಇಳಿದಿತ್ತು.

ಎತ್ತು ಮಾರುವುದಿಲ್ಲ ಎಂದು ಹೇಳಿ, ಟೆಂಪೋ ಹತ್ತಿಸಿ ಕಮತಗಿಗೆ ತಂದೆ. ದರ ಕೂಡಲಿಲ್ಲ ಎಂದು ಗಂಗವ್ವನಿಗೆ ಹೇಳುವುದಕ್ಕೆ ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಮಾತು ಹೊಂದಿಸುವುದೇ ನನ್ನ ಕಸುಬು. ಅವಳು ಬಾಗಿಲಲ್ಲಿ ನಿಂತಿದ್ದಳು. ಇಳಿದ ಎತ್ತುಗಳನ್ನು ನೋಡಿದಳು, ನನ್ನ ಹೆಗಲ ಮೇಲಿನ ವಲ್ಲಿಯನ್ನು ನೋಡಿದಳು.

“ಬ್ಯಾಡ ಅಂದ್ರೇನಣ್ಣಾ ಅವ್ರು?”

ಸಂತೆಯಲ್ಲಿ ನಡೆದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

ವರ್ಷಗಟ್ಟಲೆ ಆದ ರೂಢಿಯನ್ನು ನನ್ನ ಕೈಯೇ ನೆನೆಸಿಕೊಂಡಿರಬಹುದು ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಮನಸ್ಸು ಒಪ್ಪಿಲ್ಲ. ಅದಕ್ಕಿಂತ ಬಿಗಿಯಾದ ಗಂಟು ಬೇರೆಯಿದೆ. ನಡೆದದ್ದನ್ನು ಖರೆ ಹೇಳಿಬಿಟ್ಟರೆ ಗಂಗವ್ವ, ಅವನು ಸತ್ತದ್ದು ನಿಜವೆಂದು ಬಳೆ ತೆಗೆಯುವಳೋ, ಇದ್ದಾನೆಂದು ಇನ್ನಷ್ಟು ಗಟ್ಟಿಯಾಗಿ ಕಾಯುವಳೋ? ಊರಿಗೆಲ್ಲ ಬುದ್ಧಿ ಹೇಳುವ ನನಗೆ ಇದು ಬಗೆಹರಿದಿಲ್ಲ.

ಆ ದಿನ, “ಇಲ್ಲವ್ವಾ, ದರ ಕೂಡಲಿಲ್ಲ,” ಎಂದೆ. ಅವಳು ವಲ್ಲಿಯನ್ನು ಇಸಿದುಕೊಂಡಳು. ಮಡಚಿ ಟ್ರಂಕಿಗೆ ಇಡಲಿಲ್ಲ. ಹೊರಗಿನಿಂದ ಬಂದವನು ಕೈಕಾಲು ತೊಳೆದು ಕೈಚಾಚಿದರೆ ಸಿಗುವಂತೆ, ಬಾಗಿಲ ಪಕ್ಕದ ಗೂಟಕ್ಕೆ ಹಾಕಿದಳು.