ಹನ್ನೊಂದನೆಯ ಅಂಶಕ್ಕೆ ಶಾಂತವ್ವನವರ ಉತ್ತರ

ರೇಖಾ, ನಿನ್ನ ತಾಯಿ ದೀಕ್ಷಾಸ್ನಾನದಿಂದ ಹಿಂಜರಿಯಲಿಲ್ಲ. ಹಿಂಜರಿದರು ಎಂದು ಬರೆದವನು ನಾನು. ಅದು ಸುಳ್ಳೆಂದು ಬರೆಯುವಾಗಲೇ ನನಗೆ ಗೊತ್ತಿತ್ತು. ನಾಲ್ಕು ವರ್ಷಕ್ಕೂ ಮೇಲೆ ಅದನ್ನು ಹಾಗೆಯೇ ಇರಲು ಬಿಟ್ಟೆ.

ಮೊದಲು ಹೇಳಬೇಕಾದ ಮಾತು ಇದು, ಮೊದಲು ಬರೆದಿದ್ದೇನೆ. ಉಳಿದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ. ನಿನಗೆ ಗೊತ್ತಿರುವ ಸಂಗತಿಗಳೂ ಇದರಲ್ಲಿ ಬರುತ್ತವೆ. ನೀನು ಕೇಳಿದ ಬಳಿಕ ಇದನ್ನು ಸಭೆಯ ಎದುರು ಓದಬೇಕಾಗಿದೆ, ಅಲ್ಲಿ ಹೊಸಬರೂ ಇದ್ದಾರೆ.

ಈ ಮರಾಠಿ ಊರಿನಲ್ಲಿ ನಮ್ಮದು ಚಿಕ್ಕ ಕ್ರೈಸ್ತ ಸಭೆ. ಬಜಾಜ್ ನಗರದ ಒಂದು ಮನೆಯ ಮೇಲಂತಸ್ತಿನ ಹಾಲ್, ನಲವತ್ತು ಕುರ್ಚಿ, ಕನ್ನಡದಲ್ಲಿ ಆರಾಧನೆ. ನಾವು ನಂಬುವುದನ್ನು ಹನ್ನೊಂದು ಅಂಶಗಳಾಗಿ ಅಚ್ಚು ಮಾಡಿಸಿ ಹಾಡಿನ ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿದ್ದೇವೆ. ಶಾಸ್ತ್ರವು ದೇವರ ವಾಕ್ಯ, ಅದರಲ್ಲಿ ತಪ್ಪಿಲ್ಲ. ದೇವರು ಒಬ್ಬನೇ, ಆತನು ತಂದೆ, ಮಗ, ಪವಿತ್ರಾತ್ಮ. ಯೇಸು ನಮ್ಮ ಪಾಪಕ್ಕೆ ಬದಲಾಗಿ ಸತ್ತು ದೇಹಸಹಿತ ಎದ್ದುಬಂದನು. ಮನುಷ್ಯನಿಗೆ ರಕ್ಷಣೆ ಅವನ ಕ್ರಿಯೆಗಳಿಂದಲ್ಲ, ಕೃಪೆಯಿಂದ, ನಂಬಿಕೆಯ ಮೂಲಕ. ಹೀಗೆ ಸಾಗಿ ಹನ್ನೊಂದನೆಯ ಅಂಶದಲ್ಲಿ ಮುಗಿಯುತ್ತದೆ: ನಂಬಿದವರಿಗೆ ನಿತ್ಯಜೀವ, ನಂಬದೆ ಸತ್ತವರಿಗೆ ನಿತ್ಯದಂಡನೆ.

ನೀರಿನಲ್ಲಿ ಮುಳುಗಿ ಸಭೆಗೆ ಸೇರುವ ದೀಕ್ಷಾಸ್ನಾನ ಕೇಳಿದವರನ್ನು ಈ ಹನ್ನೊಂದರ ಮೇಲೆ ಪ್ರಶ್ನಿಸುವುದು ಸಭಾ ಹಿರಿಯನ ಕೆಲಸ. ಹದಿನೇಳು ವರ್ಷ ಆ ಕೆಲಸ ನನ್ನದಾಗಿತ್ತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಮನೆಯಲ್ಲಿ, ಒಬ್ಬೊಬ್ಬರನ್ನೇ. ಪ್ರತಿ ಅಂಶಕ್ಕೆ ಒಂದು ಪ್ರಶ್ನೆ, ಎದುರಿಗೆ 'ಹೌದು' ಅಥವಾ 'ಅಲ್ಲ'. ಮೂರನೆಯ ಚೌಕ ನನ್ನ ಹಾಳೆಯಲ್ಲಿ ಇರಲಿಲ್ಲ. ನಾನು ಬೆಳೆದದ್ದು ಗಂಟೆ ಹೊಡೆದಾಗ ಏಳುವ, ಗಂಟೆ ಹೊಡೆದಾಗ ಉಣ್ಣುವ ಮಿಷನ್ ಬೋರ್ಡಿಂಗಿನಲ್ಲಿ. ದುಡಿದದ್ದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ಅಳತೆಯ ಕಡ್ಡಿ ತೂತಿನೊಳಗೆ ಹೋದರೆ ಮಾಲು ಪಾಸು, ಹೋಗದಿದ್ದರೆ ವಾಪಸು. ಮನುಷ್ಯರನ್ನೂ ಹಾಗೆ ನೋಡುವುದು ನನಗೆ ಕಷ್ಟವೆನಿಸಲಿಲ್ಲ.

ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು, ಎಲ್ಲವೂ ಅದರ ಮೇಲೆ ನಿಂತಿದೆ. ಯಾವುದಾದರೂ ಅಂಶಕ್ಕೆ 'ಅಲ್ಲ' ಬಿದ್ದರೆ, ಆ ವ್ಯಕ್ತಿಯನ್ನು ಪಾಸ್ಟರ್ ಮತ್ತು ಹಿರಿಯರೆಲ್ಲರೂ ಕೂಡಿ ಕೂರಿಸಿಕೊಂಡು ಕೇಳಬೇಕು. ಆದರೆ ಆ ವ್ಯಕ್ತಿಯೇ 'ನನಗೆ ಇನ್ನೂ ಸಮಯ ಬೇಕು' ಎಂದರೆ ಯಾರೂ ಏನೂ ಕೇಳುವುದಿಲ್ಲ. ಹೆಸರು ಮುಂದಿನ ವರ್ಷಕ್ಕೆ ಹೋಗುತ್ತದೆ.

ನಿನ್ನ ತಾಯಿ ಶಾಂತವ್ವನವರು ಬಂದ ದಿನ ಹತ್ತಕ್ಕೆ ಐದು ನಿಮಿಷ ಇತ್ತು. ನಾನು ಹೊರಗಿನ ಕುರ್ಚಿ ತೋರಿಸಿ ಕೂರಲು ಹೇಳಿದೆ. ಅವರು ಕೂತು, ಒಳಗಿನ ಗಡಿಯಾರ ನೋಡಿ, ನನ್ನನ್ನು ನೋಡಿ, "ನಿಮ್ಮ ಮನ್ಯಾಗ ಗಡಿಯಾರನೂ ನಿಮ್ಮನ್ನ ಕೇಳೇ ಓಡತೈತೇನ್ರೀ ಅಣ್ಣಾರ?" ಎಂದರು. ಅಡುಗೆಮನೆಯಲ್ಲಿ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ನಾನು ನಗಲಿಲ್ಲ.

ಅವರ ಉತ್ತರಗಳು ನನಗೆ ನೆನಪಿವೆ. ನಿನಗೆ ಸಲ್ಲಬೇಕಾದವು ಅವು, ಆದ್ದರಿಂದ ಅವರ ಮಾತಿನಲ್ಲೇ ಕೊಡುತ್ತೇನೆ. ಶಾಸ್ತ್ರದ ಬಗ್ಗೆ ಕೇಳಿದಾಗ, "ನನಗ ಓದಾಕ ಬರಂಗಿಲ್ರಿ. ರೇಖಾಗೂ ಮರಾಠಿ ಅಷ್ಟ ಓದಾಕ ಬರತೈತಿ. ಆದ್ರ ನೀವು ಓದೂ ಮುಂದ ಕೇಳಿದ್ರ ಗೊತ್ತಾಗತೈತಿ, ಯಾರೋ ಖರೇ ಮಾತಾಡಾಕತ್ತಾರಂತ" ಎಂದರು. ತ್ರಯೇಕ ದೇವರ ಬಗ್ಗೆ, "ಅದು ನನ್ನ ತಲೀಗೆ ಹತ್ತಂಗಿಲ್ಲ. ನಿಮ್ಮ ತಲೀಗೆ ಹತ್ತೈತೇನು? ಇಲ್ಲಲ್ಲ? ಹಂಗಾರ ಇಬ್ಬರೂ ನಂಬಿಬಿಡೋಣು" ಎಂದರು. ಇದಕ್ಕೆ 'ಹೌದು' ಬರೆಯುವ ಮುನ್ನ ನಾನು ಸ್ವಲ್ಪ ತಡೆದೆ, ಆಮೇಲೆ ಬರೆದೆ.

ಕೃಪೆಯ ಅಂಶಕ್ಕೆ ಅವರು ಹೇಳಿದ್ದು ಇದು: "ಜೀವಮಾನ ಪೂರಾ ಎಲ್ಲಾರಿಗೂ ನಾನ ಮಾಡಿ ಹಾಕೇನ್ರಿ. ಅತ್ತಿಗೆ, ಮಾವಗ, ಗಂಡಗ, ಮೈದುನ್ರಿಗೆ. ಆತ ಒಬ್ಬಾತನ ನೋಡ್ರಿ, ನನಗ ಮಾಡಿಟ್ಟು ಕರದಾವ. ಕುಂತು ಉಣ್ಣೂದಷ್ಟ ನನ್ನ ಕೆಲಸ."

ಈ ಅಂಶವನ್ನು ನಾನು ಎಷ್ಟೋ ಜನರಿಗೆ ಕಲಿಸಿದ್ದೇನೆ. ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ, ನಾನೂ. 'ಹೌದು' ಎಂದು ಬರೆದು ಮುಂದೆ ಹೋದೆ.

ಹನ್ನೊಂದನೆಯದನ್ನು ಓದಿದೆ. ಅವರು ಸೆರಗು ಸರಿಮಾಡಿಕೊಂಡರು.

"ನಮ್ಮ ಯಜಮಾನ್ರು ಸಾವನೇರ್ ಗಣಿ ಆಫೀಸಿನ್ಯಾಗ ಹಾಜರಿ ಬರಿತಿದ್ರು. ಒಬ್ಬರಿಗೂ ಎರಡು ಮಾತು ಆಡಿದವರಲ್ಲ. ಯೇಸುಸ್ವಾಮಿ ಹೆಸರು ಅವರ ಕಿವೀಗೆ ಬಿದ್ದಿದ್ದಿಲ್ಲ, ನನಗ ಬಿದ್ದದ್ದ ಅವರು ಹೋದಮ್ಯಾಲ. ಈಗ ಅವರು ಎಲ್ಲಿ ಅದಾರ್ರೀ ಅಣ್ಣಾರ?"

"ನಂಬದ ಸತ್ತವರ ವಿಷಯ ವಾಕ್ಯದಾಗ ಸ್ಪಷ್ಟ ಐತ್ರಿ" ಎಂದೆ.

"ವಾಕ್ಯ ಸ್ಪಷ್ಟ ಇರವಲ್ದ್ಯಾಕ. ನಾ ಕೇಳಿದ್ದು ನಮ್ಮ ಮನಿಯವರ ಸುದ್ದಿ. ಅವರು ಎಲ್ಲಿ ಅದಾರಂತ ನಿಮಗ ಬರೋಬರ್ ಗೊತ್ತೈತೇನು?"

ನಾನು ಹಾಳೆಯ ಅಂಚನ್ನು ಮೇಜಿನ ಅಂಚಿಗೆ ಸರಿಹೊಂದಿಸಿದೆ.

"ಗೊತ್ತಿಲ್ಲಂದ್ರ ಸುಮ್ಮನಿರೋಣು. ತೀರ್ಪು ಹೇಳಾವ ಆತ. ಅವರನ್ನ ಆತನ ಕೈಯಾಗ ಬಿಟ್ಟೇನಿ. ಆತ ಏನ್ ಮಾಡಿದ್ರೂ ಬರೋಬರ್ ಮಾಡ್ತಾನ. ಅಷ್ಟ ಬರಕೋರಿ."

ನಾನು ಬರೆದುಕೊಳ್ಳಲಿಲ್ಲ.

ಏಕೆ ಎಂಬುದನ್ನೂ ಹೇಳಬೇಕು. ಇದು ನೆಪವಲ್ಲ, ನಡೆದದ್ದರ ಒಂದು ಭಾಗ. ನನಗೊಬ್ಬ ಅಣ್ಣನಿದ್ದ, ಗದಗದಲ್ಲಿ. ಯೌವನದಲ್ಲೇ ಸಭೆ ಬಿಟ್ಟ, ಇವೆಲ್ಲ ಕಟ್ಟುಕತೆ ಎಂದ, ಹಾಗೆಯೇ ಸತ್ತ. ಯಾರಾದರೂ ಕೇಳಿದರೆ 'ಕೊನೆಯ ಗಳಿಗೆಯಲ್ಲಿ ಪ್ರಾರ್ಥನೆ ಮಾಡಿದ' ಎಂದು ನಾನು ಹೇಳುತ್ತಿದ್ದೆ. ನಾನು ಅಲ್ಲಿರಲಿಲ್ಲ. ಹಾಗೆಂದು ನನಗೆ ಯಾರೂ ಹೇಳಿರಲೂ ಇಲ್ಲ. ಅಣ್ಣನಿಗಾಗಿ ನಾನು ಒಂದು ಪ್ರಾರ್ಥನೆಯನ್ನೇ ಹುಟ್ಟಿಸಿಕೊಂಡಿದ್ದೆ — ಆದರೂ ಪ್ರತಿ ಜನವರಿಯಲ್ಲಿ ಹಿರಿಯರು ನಿಂತು ಹನ್ನೊಂದು ಅಂಶಗಳನ್ನು ಗಟ್ಟಿಯಾಗಿ ಓದಿ ಸಹಿ ಹಾಕುವಾಗ ನನ್ನ ಸ್ವರವೇ ಎಲ್ಲರಿಗಿಂತ ಮೇಲಿರುತ್ತಿತ್ತು. ಶಾಂತವ್ವನವರು ಏನನ್ನೂ ಹುಟ್ಟಿಸಿಕೊಳ್ಳಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ದೇವರ ಕೈಗಿಟ್ಟರು. ಒಂದೇ ಕೋಣೆಯಲ್ಲಿ ಇಬ್ಬರು ಕೂತಿದ್ದೆವು, ಒಬ್ಬರಲ್ಲಿ ನಂಬಿಕೆಯಿತ್ತು — ಅದು ಯಾರೆಂದು ನನಗೆ ಅಲ್ಲೇ ತಿಳಿಯಿತು. ಅದು ನನಗೆ ಹಿಡಿಸಲಿಲ್ಲ.

'ಅಲ್ಲ' ಎಂದು ಬರೆದಿದ್ದರೆ ಅವರು ಎಲ್ಲ ಹಿರಿಯರ ಮುಂದೆ ಕೂರುತ್ತಿದ್ದರು. ಗಂಡ ಎಲ್ಲಿದ್ದಾರೆ ಎಂಬ ಪ್ರಶ್ನೆಯನ್ನು ಅವರು ಅಲ್ಲಿಯೂ ಕೇಳುತ್ತಿದ್ದರು. ನಮ್ಮ ಪಾಸ್ಟರ್ ಬೆಂಗಳೂರಿನಿಂದ ಬಂದ ತರುಣ, ಕಿವಿಗೊಟ್ಟು ಕೇಳುವವನು. ಅವನು ಬಹುಶಃ ಅವರನ್ನು ಒಪ್ಪಿಕೊಂಡು, ಆಮೇಲೆ ನನ್ನ ಕಡೆ ತಿರುಗಿ 'ನೀವೇನು ಹೇಳ್ತೀರಿ?' ಎನ್ನುತ್ತಿದ್ದ. ಆ ತಿರುಗುವಿಕೆಗೆ ನಾನು ಹೆದರಿದೆ. ಹನ್ನೊಂದನೆಯ ಚೌಕವನ್ನು ಖಾಲಿ ಬಿಟ್ಟು ಹಾಳೆಯ ಕೆಳಗೆ ಒಂದು ಸಾಲು ಬರೆದೆ: 'ಅಭ್ಯರ್ಥಿಯು ತಾವಾಗಿಯೇ ಸಮಯ ಕೇಳಿದ್ದಾರೆ.' ಸಹಿ ಹಾಕಿದೆ. ಹತ್ತೂ ಮುಕ್ಕಾಲು ಆಗಿತ್ತು.

ಮರುದಿನ ಆರಾಧನೆ ಮುಗಿದ ಮೇಲೆ, ಮೆಟ್ಟಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ನಿನ್ನ ತಾಯಿಗೆ, "ಈ ಸಲ ಬ್ಯಾಡಂತ ಪಾಸ್ಟರ್ ಹೇಳ್ಯಾರ. ಮುಂದಿನ ವರ್ಷ ನೋಡೋಣು" ಎಂದೆ. ಎರಡನೆಯ ಸುಳ್ಳು. ಪಾಸ್ಟರಿಗೆ ಅವರ ಹೆಸರಿನಲ್ಲಿ ಒಂದು, ಅವರಿಗೆ ಪಾಸ್ಟರ್ ಹೆಸರಿನಲ್ಲಿ ಒಂದು.

ಅವರು ಒಂದು ಚಪ್ಪಲಿ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು ನಿಂತರು. "ಯಜಮಾನ್ರ ಮಾತಿಗೇನ್ರಿ?"

"ಅದನ್ನೆಲ್ಲಾ ಮನ್ಯಾಗ ಮಾತಾಡಬ್ಯಾಡ್ರಿ. ರೇಖಾ ಮುಂದೂ ಬ್ಯಾಡ. ಸಭೆಯ ಪದ್ಧತಿ ಐತಿ."

ಅಂಥ ಪದ್ಧತಿ ಯಾವುದೂ ಇರಲಿಲ್ಲ. ಅವರು ಇನ್ನೊಂದು ಚಪ್ಪಲಿಯನ್ನೂ ಹಾಕಿಕೊಂಡು, "ಆತು ಬಿಡ್ರಿ. ಒಂದು ಬಸ್ ತಪ್ಪಿದ್ರ ಸ್ಟ್ಯಾಂಡಿನ್ಯಾಗ ಕುಂದರೂದು. ಮನೀಗೇನ್ ತಿರುಗಿ ಹೋಗಂಗಿಲ್ಲ" ಎಂದರು. ನಕ್ಕರು. ಮೆಟ್ಟಿಲಿಳಿದು ಹೋದರು.

ಆ ತಿಂಗಳ ಕೊನೆಗೆ ಐದು ಜನ ಕನ್ಹಾನ್ ನದಿಯಲ್ಲಿ ದೀಕ್ಷಾಸ್ನಾನ ಪಡೆದರು. ನಿನ್ನ ತಾಯಿ ದಡದಲ್ಲಿ ನಿಂತು, ಮೇಲೆ ಬಂದವರಿಗೆ ಟವೆಲ್ ಕೊಡುತ್ತಿದ್ದರು.

ಮುಂದಿನ ಎಂಟು ತಿಂಗಳು ಅವರು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನದ ದಿನ ತಟ್ಟೆ ಹಿಡಿದು ಸಾಲುಗಳ ನಡುವೆ ಹೋಗುವವನು ನಾನೇ. ದೀಕ್ಷಾಸ್ನಾನವಾಗದವರಿಗೆ ಕೊಡುವಂತಿಲ್ಲ. ಅವರ ಮುಂದೆ ಬಂದಾಗ ತಟ್ಟೆಯನ್ನು ಎತ್ತರಿಸಿ ಪಕ್ಕದವರಿಗೆ ನೀಡುತ್ತಿದ್ದೆ. ಅವರು ಕೈ ಮಡಚಿಕೊಂಡು, ನನಗೆ ಅಡ್ಡಿಯಾಗದ ಹಾಗೆ ಮೊಣಕಾಲು ಸರಿಸಿಕೊಳ್ಳುತ್ತಿದ್ದರು.

ಅವರೇ ಸಮಯ ಕೇಳಿದರು ಎಂಬ ಮಾತು ನಿನ್ನ ಕಿವಿಗೂ ಬಿದ್ದಿತ್ತು. ಒಂದು ದಿನ ನೀನು ಮೆಟ್ಟಿಲ ಮೇಲೆ ಅವರನ್ನು ಗದರಿದ್ದನ್ನು ಕೇಳಿದೆ. "ಅವ್ವಾ, ಯಾರಿಗೆ ಹೆದರ್ತೀ ನೀ? ಕಾಕಾಗ? ಸಾವನೇರ್ ಮಂದಿಗೆ? ಸಾಫ್ ಹೇಳ್ಬಿಡು, ನಂಬಿಕಿ ಇಲ್ಲಂತ!" ಅವರು ನಿನಗೆ ಏನೂ ಹೇಳಲಿಲ್ಲ. ನಾನು ಹೇಳಬೇಡಿ ಎಂದಿದ್ದೆ, ಅದಕ್ಕೆ ಹೇಳಲಿಲ್ಲ. ಅವರ ಹಿಂದೆ ನಾಲ್ಕು ಮೆಟ್ಟಿಲು ಮೇಲೆ ನಾನಿದ್ದೆ. ಅವರು ತಿರುಗಿ ನೋಡಲೂ ಇಲ್ಲ — ನೋಡಿದ್ದರೆ ನಾನು... ಗೊತ್ತಿಲ್ಲ. ಆಗಲೂ ಸುಮ್ಮನೇ ಇರುತ್ತಿದ್ದೆನೇನೋ.

ಅವರು ಲಕ್ವ ಹೊಡೆದು ಎರಡೇ ದಿನದಲ್ಲಿ ಹೋದರು. ಸಾವನೇರಿನಿಂದ ನಿನ್ನ ತಂದೆಯ ತಮ್ಮ, ನಿನ್ನ ಕಾಕಾ, ಬಂದು ಅಂತ್ಯಕ್ರಿಯೆಯನ್ನು ತಮ್ಮ ಮನೆತನದ ಪದ್ಧತಿಯಂತೆ ಮಾಡುವುದಾಗಿ ಹೇಳಿದರು. ನೀನು ಪಾಸ್ಟರ್ ಕಡೆ ನೋಡಿದೆ. ಪಾಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು, "ಬ್ರದರ್, ಅವರು ನಿಜವಾಗ್ಲೂ ತಾವೇ ಬೇಡ ಅಂದಿದ್ರಾ? ಹಾಗಲ್ಲ ಅಂದ್ರೆ ನಾನು ಅವರ ಮನೆಯವರ ಹತ್ರ ಮಾತಾಡ್ತೀನಿ" ಎಂದು ಕೇಳಿದ.

"ಹೌದು, ತಾವೇ ಸಮಯ ಕೇಳಿದ್ರು" ಎಂದೆ.

ಪಾಸ್ಟರ್ ಮನೆಯವರ ಹತ್ತಿರ ಹೋಗಲಿಲ್ಲ. ನಿನ್ನ ತಾಯಿಯನ್ನು ಸುಡಲು ಘಾಟಿಗೆ ಒಯ್ದರು. ಸಭೆಯವರು ಗೇಟಿನ ಹೊರಗೆ ಒಂದು ಹಾಡನ್ನೂ ಹಾಡದೆ ನಿಂತೆವು. ನಿನ್ನ ಕಾಕಾ ಮೇಲೆ ನನಗೆ ಯಾವ ದೂರೂ ಇಲ್ಲ. ಅವರು ಅತ್ತಿಗೆಯನ್ನು ತಮಗೆ ತಿಳಿದಂತೆ ಗೌರವದಿಂದ ಕಳಿಸಿದರು. ನಾನು ಒಂದು ಗಂಟೆಗೆ ಮನೆಗೆ ಬಂದು ಊಟ ಮಾಡಿದೆ, ದಿನದ ಹಾಗೆಯೇ.

ಆಮೇಲೆ ನಾಲ್ಕು ವರ್ಷ. ಆ ವರ್ಷಗಳಲ್ಲೂ ಶನಿವಾರಗಳು ಬಂದವು, ನಾನು ಜನರನ್ನು ಪ್ರಶ್ನಿಸಿದೆ, ಹಾಳೆ ತುಂಬಿದೆ.

ಕಳೆದ ತಿಂಗಳು ನೀನು ಆಸ್ಪತ್ರೆಯ ಪಾಳಿ ಮುಗಿಸಿ ನೇರವಾಗಿ ನನ್ನ ಮನೆಗೆ ಬಂದೆ. ಮಕ್ಕಳ ಕ್ಲಾಸಿಗೆ ಹನ್ನೊಂದು ಅಂಶಗಳನ್ನು ಬಾಯಿಪಾಠವಾಗಿ ಕಲಿಸುವ ಹೊಣೆಯನ್ನು ಪಾಸ್ಟರ್ ನಿನಗೆ ಕೊಟ್ಟಿದ್ದ. "ಅಂಕಲ್, ಹತ್ತು ಕಲಿಸಿದೆ" ಎಂದೆ. "ಹನ್ನೊಂದನೇದು ನನ್ನ ಕೈಲೆ ಆಗಂಗಿಲ್ಲ. ಕಲಿಸಾಕ ಹೋದ್ರ ನಮ್ಮವ್ವ ಕಾಣತಾಳ, ಅದರಾಗ. ಆಖರೀಗೆ ನಂಬಿಕಿ ಬಿಟ್ಟಳಲ್ಲ ಆಕಿ." ಆಮೇಲೆ ನನ್ನ ಮುಖ ನೋಡಿ ಕೇಳಿದೆ: "ನೀವ ಆಕೀನ ಪರೀಕ್ಷಾ ಮಾಡಿದವರು. ಏನರ ಹೇಳಿದ್ಲೇನು? ಒಂದು ಮಾತರ?"

ನಾನು "ಪ್ರಾರ್ಥನೆ ಮಾಡವ್ವ" ಎಂದು ಹೇಳಿ ನಿನ್ನನ್ನು ಕಳಿಸಿದೆ.

ಇಷ್ಟನ್ನು ನಾನು ಮಾಡಿದ್ದೇನೆ. ಮೊದಲನೆಯ ಸುಳ್ಳಿನಿಂದ ಒಬ್ಬ ಹೆಂಗಸಿನ ದೀಕ್ಷೆಯ ನೀರನ್ನೂ ಭೋಜನದ ರೊಟ್ಟಿಯನ್ನೂ ಕಿತ್ತುಕೊಂಡೆ. ಆದರೆ ದೀಕ್ಷಾಸ್ನಾನ ರಕ್ಷಿಸುವುದಿಲ್ಲ, ಕೃಪೆ ರಕ್ಷಿಸುತ್ತದೆ ಎಂದು ನಾವೇ ಕಲಿಸುತ್ತೇವೆ. ಆದ್ದರಿಂದ ಅವರಿಗೆ ನಾನು ಶಾಶ್ವತವಾದ ಹಾನಿಯನ್ನೇನೂ ಮಾಡಲಾರದೆ ಹೋದೆ. ನಿನಗೆ ಮಾಡಿದೆ. ತಾಯಿ ನಂಬಿಕೆ ಬಿಟ್ಟು ಸತ್ತಳು ಎಂಬ ಭಾರವನ್ನು ನಿನ್ನ ಮೇಲೆ ಹೊರಿಸಿ, ನೀನು ಅದನ್ನು ಹೊತ್ತು ನಡೆಯುವುದನ್ನು ಭಾನುವಾರ ಭಾನುವಾರ ನೋಡಿದೆ.

ಹನ್ನೊಂದನೆಯ ಅಂಶ ತಪ್ಪೆಂದು ನಾನು ಹೇಳುತ್ತಿಲ್ಲ. ಅದನ್ನು ತೂಗುವಷ್ಟು ದೊಡ್ಡವನು ನಾನಲ್ಲ. ತೀರ್ಪು ದೇವರದೆಂದು ಬಾಯಲ್ಲಿ ಹೇಳುತ್ತ, ಪೆನ್ನನ್ನು ಮಾತ್ರ ನನ್ನ ಕೈಯಲ್ಲೇ ಇಟ್ಟುಕೊಂಡೆ ಎಂದು ಹೇಳುತ್ತಿದ್ದೇನೆ.

ಸಭಾ ಹಿರಿಯನ ಕೆಲಸ ಬಿಡುವ ಪತ್ರ ಬರೆದಿಟ್ಟಿದ್ದೇನೆ. ಪಾಸ್ಟರಿಗೆ ಅದನ್ನು ಕೊಡುವ ಮೊದಲು ನೀನು ಇದನ್ನು ಕೇಳಬೇಕು. ನಿನಗೆ ಕನ್ನಡ ಓದಲು ಬಾರದು. ಬೇರೆಯವರಿಂದ ಓದಿಸಿ ಕೇಳಿಸುವುದು ನನಗೆ ಸುಲಭವಾಗುತ್ತದೆ, ಅದಕ್ಕೇ ಅದು ಬೇಡ. ಈ ಶನಿವಾರ ನಿನಗೆ ರಜೆ ಎಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ನಿನ್ನ ಮನೆಗೆ ಬಂದು ನಾನೇ ಓದುತ್ತೇನೆ, ಮೊದಲ ಸಾಲಿನಿಂದ, ಏನನ್ನೂ ಬಿಡದೆ. ಕ್ಷಮಿಸು ಎಂಬ ಮಾತು ಇದರಲ್ಲಿ ಇಲ್ಲ. ಕ್ಷಮೆ ಕೇಳಿದರೆ, ಕೊಡಬೇಕಾದ ಹಂಗು ನಿನ್ನ ಮೇಲೆ ಬೀಳುತ್ತದೆ.

ಅರ್ಧಕ್ಕೆ ಎದ್ದುಹೋಗು ಎಂದರೆ ಹೋಗುತ್ತೇನೆ, ಉಳಿದರ್ಧವನ್ನು ಓದಲು ಮುಂದಿನ ಶನಿವಾರ ಬರುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಅದರ ಮುಂದಿನ ಶನಿವಾರ.