ಬೆತ್ತಕ್ಕೆ ನಾನು ಕಟ್ಟಿದ ಕನಸು

ದೇವಿಯ ಕನಸು ನಾನು ಕಟ್ಟಿದ್ದು, ಬೊಮ್ಮಯ್ಯಣ್ಣ. ದೊಡ್ಡಪ್ಪನಿಗೆ ಅಂಥ ಕನಸು ಬಿದ್ದಿರಲಿಲ್ಲ — ಬಿದ್ದಿದ್ದರೂ ನನಗೆ ಹೇಳಿರಲಿಲ್ಲ.

ಅಂಕೋಲೆಯ ನಮ್ಮ ಮೀನುಗಾರ ಕೇರಿಯಲ್ಲಿ ದೇವಿಯ ಬೆತ್ತ ಹಿಡಿದವನ ಮಾತೇ ಕೊನೆ. ಮಳೆಗಾಲ ಕಳೆದು ದೋಣಿ ಇಳಿಸುವ ದಿನ ಮೊದಲು ಆ ಬೆತ್ತ ಮರಳಿಗೆ ತಾಗಬೇಕು. ಅದು ದೊಡ್ಡಪ್ಪನ ಕೈಯಲ್ಲಿತ್ತು; ನೀನು ಅವರ ದೋಣಿಯ ಜೊತೆಗಾರ. ಸಾಯುವ ಹಿಂದಿನ ದಿನ ಅವರು ನನಗೆ ಹೇಳಿದ್ದು ಇಷ್ಟು: “ಬೆತ್ತ ಬೊಮ್ಮಯ್ಯನ ಕೈಗೆ ಕೊಡು, ತಮಾ. ನಮ್ಮ ಶ್ರೀಧರಂಗೆ ಬ್ಯಾಡ. ಅಂವ ಚಾ ಕೊಟ್ಟವ್ರಿಗೆಲ್ಲ ಹೂಂ ಅಂತಾ.”

ಹೀಗೆಯೇ ಹೇಳಿದರೇ? ಮಲಗಿದ್ದರೋ, ಗೋಡೆಗೆ ಒರಗಿದ್ದರೋ — ಈ ಎಂಟು ವರ್ಷಗಳಲ್ಲಿ ದಿನಕ್ಕೊಂದು ರೀತಿ ಕಾಣುತ್ತದೆ. ಚಹದ ಮಾತನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ ಏನೋ. ಆದರೆ ನಿನ್ನ ಹೆಸರು ಬದಲಾಗುವುದಿಲ್ಲ. ಅದನ್ನೂ ಅನುಮಾನಿಸಲು ನೋಡಿದ್ದೇನೆ. ಅನುಮಾನಿಸುವುದೇ ವಿಶ್ವವಿದ್ಯಾಲಯದಲ್ಲಿ ನಾನು ಕಲಿತ ವಿದ್ಯೆ — ಎಷ್ಟು ಅನುಕೂಲದ ವಿದ್ಯೆ ನೋಡು.

ಅವರು ಹೋದ ಮೇಲೆ ಬೆತ್ತ ಯಾರಿಗೆಂದು ಸೇರಿದ ಕೇರಿಯ ಕೂಟದಲ್ಲಿ ದೊಡ್ಡಪ್ಪನ ಮಗ ಶ್ರೀಧರ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಅವನ ಮನೆಯಲ್ಲೇ ಉಂಡು ಬೆಳೆದವನು. ಒಂದು ಕೋಲಿಗಾಗಿ ಮನೆ ಒಡೆಯುವುದೇಕೆ ಎಂದುಕೊಂಡು ಬಾಯಿ ತೆರೆದೆ. “ದೇವಿ ಕನಸಲ್ಲಿ ಬಂದು, ಬೆತ್ತ ಈ ಮನೇಲೇ ಇರ್ಲಿ ಅಂದಳಂತೆ. ದೊಡ್ಡಪ್ಪ ಹೇಳಿದ್ರು.”

ನೀನು ಕೈ ಮುಗಿದೆ. “ದೇವಿ ಹೇಳ್ದ ಮ್ಯಾಲೆ ಮತ್ತೆಂತ ಮಾತು, ತಮಾ,” ಎಂದು ನೀನೇ ಬೆತ್ತ ಎತ್ತಿ ಶ್ರೀಧರನ ಕೈಗಿಟ್ಟೆ. ನಾನು ನಗು ತಡೆದುಕೊಂಡಿದ್ದೆ. ಅದನ್ನೂ ಹೇಳಬೇಕು.

ಮೀನು ಒಣಗಿಸುವ ಬಯಲನ್ನು ರೆಸಾರ್ಟಿನವರು ಕೇಳಿದಾಗ ಶ್ರೀಧರ ಹೂಂ ಅಂದ. ಬೆತ್ತ ಹೂಂ ಅಂದಮೇಲೆ ಕೇರಿ ಸುಮ್ಮನಾಯಿತು. ನಿನ್ನ ಮನೆಯ ಅತ್ತಿಗೆಗೆ ಮೀನು ಹರಡಲು ಜಾಗ ಉಳಿಯಲಿಲ್ಲ. ನೀನು ಗೋವೆಯಲ್ಲಿ ಇನ್ನೊಬ್ಬರ ಬೋಟಿಗೆ ಆಳಾದೆ.

ನಾನೋ — ಕಾರವಾರದ ಕಾಲೇಜಿನಲ್ಲಿ ವರ್ಷ ವರ್ಷವೂ ಮಧ್ಯ ಅಮೆರಿಕದ ಮಾಯಾ ಜನರ ಮೊದಲ ಅರಸರ ಪಾಠ ಮಾಡಿದೆ. ಪಟ್ಟವೇರುವವನ ಹಣೆಗೆ ದೇವರ ಮುಖ ಕೆತ್ತಿದ ಹಸಿರು ಕಲ್ಲಿನ ಪಟ್ಟಿ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಅವನ ಮಾತು ದೇವರ ಮಾತು. ಕಲ್ಲುಕಂಬಗಳಲ್ಲಿ ಅವನು ಕೆತ್ತಿಸಿದ್ದೇ ಚರಿತ್ರೆ. “ಜನ ಎಷ್ಟು ಸುಲಭಕ್ಕೆ ನಂಬ್ತಾರೆ ನೋಡಿ,” ಎಂದು ಪ್ರತಿ ಸಲವೂ ಅದೇ ಜಾಗದಲ್ಲಿ ನಗಿಸುತ್ತಿದ್ದೆ.

ಈ ಸಲ ಮಾಜಾಳಿಯ ಹುಡುಗಿಯೊಬ್ಬಳು ನಗಲಿಲ್ಲ. “ಸರ್, ಆ ಪಟ್ಟಿ ಕಟ್ಟಿದವ ನಂಬಿದ್ನಾ?”

“ಶಾಸನ ಅದನ್ನ ಹೇಳೂದಿಲ್ಲ,” ಎಂದೆ. ಅವಳು ಅದನ್ನು ನೋಟ್ಸಿನಲ್ಲಿ ಬರೆದುಕೊಂಡಳು — ಉತ್ತರವೆಂದು.

ಕನಸು ಕಟ್ಟಿದವನು ನಂಬಿರಲಿಲ್ಲ, ಬೊಮ್ಮಯ್ಯಣ್ಣ. ನಂಬದಿದ್ದುದರಿಂದಲೇ ಅವನಿಗೆ ಬೆತ್ತ ಬರೀ ಕೋಲು, ಸುಳ್ಳು ಹಗುರ. ನೀನು ನಂಬಿದ್ದರಿಂದ ಸೋತೆ. ಇಷ್ಟು ಸರಳವಾದದ್ದು ತಿಳಿಯಲು ನನಗೆ ಎಂಟು ವರ್ಷವೂ, ಹದಿನೆಂಟರ ಹುಡುಗಿಯ ಒಂದು ಪ್ರಶ್ನೆಯೂ ಬೇಕಾಯಿತು ಎಂದರೆ — ನನ್ನ ಓದಿನ ಬಗ್ಗೆ ಇನ್ನೇನು ಹೇಳಲಿ.

ಈ ವರ್ಷ ದೋಣಿ ಇಳಿಸುವ ದಿನ, ಬೆತ್ತ ಮರಳಿಗೆ ತಾಗುವ ಮೊದಲು, ಕೂಟದ ಎದುರು ನಿನಗೆ ಬರೆದ ಈ ಕಾಗದವನ್ನೇ ಓದುತ್ತೇನೆ. ಬಯಲು ಮರಳಿ ಬರುವುದಿಲ್ಲ. ಶ್ರೀಧರ ಮನೆಯ ಬಾಗಿಲು ಹಾಕಿಕೊಳ್ಳಬಹುದು. ಕೇರಿ ನಂಬದೆಯೂ ಇರಬಹುದು — ಈ ಸಲ ನನ್ನ ಜೊತೆ ದೇವಿಯಿಲ್ಲ. ಅರ್ಧ ಮಾಸಿದ ಒಂದು ನೆನಪಿದೆ, ಅದರಲ್ಲಿ ನಿನ್ನ ಹೆಸರಿದೆ.