ಮೈಸೂರಿನ ಕ್ಯಾಸೆಟ್ಟಿನಲ್ಲಿ ಸಿಕ್ಕ ಅಮ್ಮ

ಕಳೆದ ಡಿಸೆಂಬರಿನ ಒಂದು ಭಾನುವಾರ ಗೆಳತಿ ನಸ್ರೀನ್ ನಮ್ಮನ್ನು ಊಟಕ್ಕೆ ಕರೆದಿದ್ದಳು. ನಾನು ಸ್ವೀಡನ್ನಿನ ಮೋಲ್ನ್‌ಡಾಲ್‌ನಲ್ಲಿ ಔಷಧ ಸಂಶೋಧನೆಯ ಕೆಲಸದಲ್ಲಿದ್ದೇನೆ. ಅವಳು ಅಲ್ಲೇ ಹತ್ತಿರದ ಲಿಂಡ್‌ಹೋಲ್ಮೆನ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಮೈಸೂರಿನಿಂದ ಅವಳ ಅಮ್ಮ ಬಂದಿದ್ದರು. ನಾವೆಲ್ಲ ಅವರನ್ನು ಅಮ್ಮೀ ಎಂದೇ ಕರೆಯುತ್ತಿದ್ದೆವು.

ಊಟವಾದ ಮೇಲೆ ಹಳೆಯ ಟಿವಿ ಧಾರಾವಾಹಿಗಳ ಮಾತು ಬಂತು. ನನ್ನ ಅಮ್ಮನೂ ಒಂದರಲ್ಲಿ ಪಾತ್ರ ಮಾಡಿದ್ದಳು. ಆಗೆಲ್ಲ ವರ್ಷಕ್ಕೊಮ್ಮೆ ದೆಹಲಿಯಲ್ಲಿ ಟಿವಿ ಕಲಾವಿದರಿಗೆ ಪ್ರಶಸ್ತಿ ಕೊಡುವ ಸಮಾರಂಭ ನಡೆಯುತ್ತಿತ್ತು, ದೇಶವೆಲ್ಲ ಕೂತು ನೋಡುತ್ತಿತ್ತು. ಒಂದು ವರ್ಷ ಅಮ್ಮನಿಗೂ ಪ್ರಶಸ್ತಿ ಬಂತು. ಅವಳು ವೇದಿಕೆ ಹತ್ತುವ ಹೊತ್ತಿಗೆ ನಮ್ಮೂರು ಹಾಸನದಲ್ಲಿ ಕರೆಂಟ್ ಹೋಗಿ ನಾನೂ ಅಪ್ಪನೂ ಕತ್ತಲಲ್ಲಿ ಕೂತಿದ್ದೆವು. ಮರುವರ್ಷವೇ ಅಮ್ಮ ತೀರಿಕೊಂಡಳು. ಫೋಟೊಗಳಿವೆ. ಆದರೆ ನಡೆದಾಡುವ ಅಮ್ಮನನ್ನು ಇನ್ನೊಮ್ಮೆ ನೋಡಬೇಕೆಂದು ಎಷ್ಟು ಹುಡುಕಿದರೂ ಏನೂ ಸಿಕ್ಕಿರಲಿಲ್ಲ.

ಅಮ್ಮನ ಹೆಸರು ಕೇಳಿದ್ದೇ ಅಮ್ಮೀ ನನ್ನನ್ನೇ ನೋಡಿದರು. "ನಮ್ ಕನ್ನಡದೋರಿಗೆ ಬಂತು ಅಂತ ಅವತ್ತು ಬೀದಿಯೋರೆಲ್ಲ ನಮ್ಮನೇಲೇ ಕೂತು ನೋಡಿದ್ವಿ. ನಮ್ಮೆಜಮಾನ್ರು ಆಗ ಹೊಸದಾಗಿ ವಿಸಿಆರ್ ತಂದಿದ್ರು, ಟಿವೀಲಿ ಬಂದಿದ್ದೆಲ್ಲ ರೆಕಾರ್ಡ್ ಮಾಡೋರು. ಕ್ಯಾಸೆಟ್ಟು ಮನೇಲೇ ಇರ್ಬೇಕು. ನನ್ ಮಗನಿಗೆ ಹೇಳ್ತೀನಿ ಇರಮ್ಮ" ಎಂದರು.

ನಾನು ಹೆಚ್ಚು ಆಸೆ ಇಟ್ಟುಕೊಳ್ಳಲಿಲ್ಲ. ಕೆಲವು ವಾರ ಕಳೆದ ಮೇಲೆ ನಸ್ರೀನ್ ಫೋನ್ ಮಾಡಿದಳು. "ಅಕ್ಕಾ, ಅಣ್ಣ ವಿಡಿಯೊ ಕಳಿಸಿದಾನೆ. ನಾನಿನ್ನೂ ನೋಡಿಲ್ಲ. ನೀವೇ ಮೊದಲು ನೋಡ್ಬೇಕು, ಬನ್ನಿ."

ಮಗಳು ದಿಯಾಳನ್ನೂ ಕರೆದುಕೊಂಡು ಹೋದೆ. ಅವರ ಟಿವಿಯಲ್ಲೇ ಹಾಕಿದರು. ಚಿತ್ರ ಅಲುಗಾಡುತ್ತಿತ್ತು, ಬಣ್ಣ ಮಾಸಿತ್ತು. ಕುರ್ಚಿಗಳ ಸಾಲಿನಿಂದ ಎದ್ದು, ಸೆರಗು ಸರಿಮಾಡಿಕೊಳ್ಳುತ್ತ, ಅಮ್ಮ ವೇದಿಕೆಯ ಕಡೆಗೆ ನಡೆದಳು. ಈಗಿನ ನನಗಿಂತ ಎಷ್ಟೋ ಚಿಕ್ಕವಳು.

"ಇವಳೇನಾ ಮೊರ್ಮೊರ್?" ಎಂದು ದಿಯಾ ಸ್ವೀಡಿಷ್‌ನಲ್ಲಿ ಕೇಳಿದಳು. ಅಮ್ಮನ ಅಮ್ಮನನ್ನು ಇಲ್ಲಿಯ ಮಕ್ಕಳು ಹಾಗೇ ಕರೆಯುವುದು. "ನಿನ್ನ ಹಾಗೇ ನಡೀತಾಳೆ."

ಅಮ್ಮ ಮೈಕಿನ ಮುಂದೆ ನಿಂತು ಮಾತಾಡಿದಳು. ತುಟಿ ಅಲ್ಲಾಡುವುದು ಕಾಣಿಸುತ್ತಿತ್ತು, ಆದರೆ ಟೇಪು ಹಾಳಾಗಿ ಬರೀ ಗೊರಗೊರ ಸದ್ದು. ವಾಲ್ಯೂಮ್ ಜಾಸ್ತಿ ಮಾಡಿದೆ, ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಹಾಕಿದೆ. ಒಂದು ಪದವೂ ಕೇಳಿಸಲಿಲ್ಲ.

ಅಮ್ಮೀ ನನ್ನ ಕೈಯಿಂದ ಮೆಲ್ಲಗೆ ರಿಮೋಟ್ ತೆಗೆದುಕೊಂಡರು. "ಸಾಕು ಬಿಡಮ್ಮ. ಅವರೇನಂದ್ರು ಅಂತ ನಂಗೆ ಜ್ಞಾಪಕ ಇದೆ. ಅರ್ಧಂಬರ್ಧ ಹಿಂದೀಲಿ ಮಾತಾಡಿದ್ರು, ನಾವೆಲ್ಲ ನಕ್ಕಿದ್ವಿ. 'ಮಗಳಿಗೆ ಜ್ವರ, ಬಿಟ್ಟು ಬಂದಿದೀನಿ. ಬೇಗ ಕೊಟ್ಬಿಡಿ, ಊರಿಗೆ ಹೋಗ್ಬೇಕು' ಅಂದ್ರು. ಆಗ ನಸ್ರೀನ್ ನನ್ ತೊಡೆ ಮೇಲೆ ಮಲಗಿದ್ಲು. ನಂಗೆ ನಗುನೂ ಬಂತು, ಅಳುನೂ ಬಂತು."

ಅವತ್ತು ನನಗೆ ಜ್ವರವಿತ್ತೆಂಬುದು ನನಗೇ ನೆನಪಿರಲಿಲ್ಲ. ಯಾರೂ ಹೇಳಿರಲೂ ಇಲ್ಲ. ದಿಯಾಳನ್ನು ಹತ್ತಿರಕ್ಕೆ ಎಳೆದುಕೊಂಡೆ.

ಆ ವಿಡಿಯೊ ಈಗ ನನ್ನ ಫೋನಿನಲ್ಲಿದೆ. ಕೆಲಸಕ್ಕೆ ಹೋಗುವಾಗ ಟ್ರಾಮಿನಲ್ಲಿ ಕೂತು ನೋಡುತ್ತೇನೆ. ಅಮ್ಮನ ತುಟಿ ಅಲ್ಲಾಡುತ್ತಿದ್ದಂತೆ ಆ ಮಾತುಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಅವು ನನಗೆ ಕೇಳಿಸುವುದು ಅಮ್ಮೀಯ ದನಿಯಲ್ಲಿ. ಅಮ್ಮನ ದನಿ ಹೇಗಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.